ಲಕೋಟೆಯೊಳಗೆ ಬನ್ನಿ ಎಲೆ ಇಡಬಹುದೇ?

ಕಲಬುರಗಿ ಸೀಮೆಯಲ್ಲಿ ಶುಭಾಶಯವೆಂಬುದು ಬರೀ ಮಾತಿನಲ್ಲಿ ಮುಗಿಯುವುದಿಲ್ಲ. ದಸರೆಯ ಸಂಜೆ ಕೈಗೆ ಬನ್ನಿ ಎಲೆ ಕೊಡದೆ 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂದರೆ ಕೇಳಿದವರಿಗೆ ಅದು ಅರ್ಧ ಮಾತಾಗಿ ಉಳಿಯುತ್ತದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಮತ್ತು ಕುಸುರೆಳ್ಳು ಬೇಕು, ಲಗ್ನಪತ್ರಿಕೆಯ ಮೂಲೆಗೆ ಅರಿಶಿಣ-ಕುಂಕುಮ ಹಚ್ಚಿರಬೇಕು, ಜೊತೆಗೆ ನಾಲ್ಕು ಕಾಳು ಅಕ್ಷತೆ ಇದ್ದರೆ ಕರೆದವರ ಮರ್ಯಾದೆ ಪೂರ್ತಿಯಾಯಿತು. ಮುಯ್ಯಿಯ ಹಣ ಹಾಕುವ ಆಹೇರಿಯ ಲಕೋಟೆಯ ಮೇಲಂತೂ ಒಂದು ರೂಪಾಯಿಯ ನಾಣ್ಯವನ್ನು ಅಂಟಿಸಿಯೇ ಮಾರುತ್ತಾರೆ. ಹೊರದೇಶಕ್ಕೆ ಶುಭಾಶಯ ಪತ್ರ ಕಳಿಸಲು ಹೋದವರಿಗೆ ಅಂಚೆಯ ನಿಯಮಗಳು ಗೊಂದಲವೆನಿಸುವುದಕ್ಕೆ ಮೊದಲ ಕಾರಣ ನನ್ನ ಮಟ್ಟಿಗೆ ಇದೇ. ಅಂತರರಾಷ್ಟ್ರೀಯ ಅಂಚೆಯು ಮಾತನ್ನೂ ವಸ್ತುವನ್ನೂ ಬೇರೆ ಬೇರೆ ಮಾಡಿ ನೋಡುತ್ತದೆ. ನಾವು ಹಾಗೆ ನೋಡಿಯೇ ಇಲ್ಲ.

ನಮ್ಮ ಮನೆತನದಲ್ಲಿ ಫಾರ್ಮು ತುಂಬುವ, ಸರತಿಯಲ್ಲಿ ನಿಲ್ಲುವ ಕೆಲಸಗಳೆಲ್ಲ ಕ್ರಮೇಣ ನನ್ನ ಪಾಲಿಗೆ ಬಂದಿವೆ. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ಮಕ್ಕಳಿಗೆ ಮತ್ತು ಅಳಿಯಂದಿರಿಗೆ ಹಬ್ಬದ ಕಾರ್ಡು ಕಳಿಸುವ ಆಸೆ ಇನ್ನೂ ಉಳಿಸಿಕೊಂಡಿರುವ ಹಿರಿಯರು ಕೆಲವರಿದ್ದಾರೆ. ಫೋನಿನಲ್ಲಿ ಚಿತ್ರ ಕಳಿಸಿದರೆ ಸಾಲದೇ ಎಂದು ಅವರನ್ನು ಕೇಳುವುದನ್ನು ನಾನು ಬಹಳ ಹಿಂದೆಯೇ ಬಿಟ್ಟಿದ್ದೇನೆ. ಸೂಪರ್ ಮಾರ್ಕೆಟಿನಲ್ಲಿ ಕಾರ್ಡು ಆರಿಸುವ ತನಕ ಅದು ಅವರ ಕೆಲಸ, ಅಲ್ಲಿಂದ ಮುಂದಿನದು ನನ್ನದು.

ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ಯಾವ ದೇಶ ಎಂಬುದು, ಎರಡನೆಯದು ಒಳಗೇನಿದೆ ಎಂಬುದು. ಈ ಎರಡನೆಯ ಪ್ರಶ್ನೆಯನ್ನು ಬಹಳ ಜನ ಸಂಶಯದ ಪ್ರಶ್ನೆಯೆಂದು ತಿಳಿದು ಮುಖ ಸಿಂಡರಿಸುತ್ತಾರೆ. 'ಏನಿರ್ತದ್ರಿ ಸರ, ಹಬ್ಬದ ಕಾರ್ಡ್ ಅದ' ಎಂಬ ಉತ್ತರದಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ಆದರೆ ಲಕೋಟೆಯ ಮುಂದಿನ ದಾರಿಯೆಲ್ಲ ನಿರ್ಧಾರವಾಗುವುದು ಈ ಉತ್ತರದ ಮೇಲೆಯೇ. ದೇಶಗಳ ನಡುವಿನ ಅಂಚೆಗೆ ನಿಯಮ ಹಾಕುವ ವಿಶ್ವ ಅಂಚೆ ಒಕ್ಕೂಟವು ಈಗ ಪತ್ರಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸುತ್ತದೆ: ಬರಹವನ್ನು ಮಾತ್ರ ಹೊತ್ತ ದಾಖಲೆಗಳು ಒಂದು ಕಡೆ, ಸರಕು ಇರುವವು ಇನ್ನೊಂದು ಕಡೆ. ಕೈಬರಹದ ನಾಲ್ಕು ಸಾಲುಳ್ಳ ಶುಭಾಶಯ ಪತ್ರ ದಾಖಲೆಯ ಸಾಲಿಗೆ ಸೇರುತ್ತದೆ. ಅದಕ್ಕೆ ಕಸ್ಟಮ್ಸ್ ಘೋಷಣೆ ಬೇಕಿಲ್ಲ. ಅದೇ ಕಾರ್ಡಿನೊಳಗೆ ಒಂದು ನೂಲಿನ ರಾಖಿ ಇಟ್ಟರೆ ಲಕೋಟೆ ಸರಕಾಗುತ್ತದೆ. ಆಗ ಸಿಎನ್ 22 ಎಂಬ ಘೋಷಣಾ ಪತ್ರ ತುಂಬಬೇಕು, ವಸ್ತುವಿನ ಹೆಸರು, ತೂಕ ಮತ್ತು ಬೆಲೆ ಬರೆಯಬೇಕು, ಆ ವಿವರವೆಲ್ಲ ಲಕೋಟೆಗಿಂತ ಮೊದಲೇ ಕಂಪ್ಯೂಟರಿನ ಮೂಲಕ ಆಚೆಯ ದೇಶವನ್ನು ತಲುಪಬೇಕು.

ಈ ಮುಂಗಡ ವಿವರದ ನಿಯಮ ಬಹಳ ಹಳೆಯದಲ್ಲ. ಅಂಚೆಯ ಮೂಲಕ ಮಾದಕ ವಸ್ತುಗಳು ಬರುವುದನ್ನು ತಡೆಯಲು ಅಮೆರಿಕ 2018ರಲ್ಲಿ ಒಂದು ಕಾನೂನು ಮಾಡಿತು. 2021ರ ಜನವರಿಯಿಂದ ವಿಶ್ವ ಅಂಚೆ ಒಕ್ಕೂಟವೂ ಸರಕುಳ್ಳ ಲಕೋಟೆಗಳಿಗೆ ವಿದ್ಯುನ್ಮಾನ ವಿವರವನ್ನು ಕಡ್ಡಾಯ ಮಾಡಿತು. ಫೆಂಟನಿಲ್ ಎಂಬ ಮಾದಕ ಮದ್ದಿನ ಹೆಸರನ್ನೇ ಕೇಳಿರದ ಯಾದಗಿರಿಯ ಅಕ್ಕ ತನ್ನ ತಮ್ಮನಿಗೆ ರಾಖಿ ಕಳಿಸಲು ಎಂಟಂಕಿಯ ಸಂಖ್ಯೆಯೊಂದನ್ನು ಬರೆಯಬೇಕಾಗಿ ಬಂದದ್ದು ಹೀಗೆ. ಆ ಸಂಖ್ಯೆಗೆ ಎಚ್‌ಎಸ್ ಕೋಡ್ ಎನ್ನುತ್ತಾರೆ. ಜಗತ್ತಿನ ಕಸ್ಟಮ್ಸ್ ಇಲಾಖೆಗಳು 1988ರಿಂದ ಬಳಸುತ್ತಿರುವ ಈ ಪಟ್ಟಿಯಲ್ಲಿ ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಒಂದೇ. ಭಾರತ ಅದಕ್ಕೆ ಇನ್ನೆರಡು ಅಂಕಿ ಸೇರಿಸಿಕೊಂಡಿದೆ. ರಾಖಿ ಹಬ್ಬದ ಹೊತ್ತಿಗೆ ಅಂಚೆ ಇಲಾಖೆ ಹೊರಡಿಸಿದ ಸೂಚನೆಯಲ್ಲಿ ರಾಖಿಗೆ 63079090 ಎಂದೂ, ಮುದ್ರಿತ ಶುಭಾಶಯ ಪತ್ರಕ್ಕೆ 49090010 ಎಂದೂ ಕೊಟ್ಟಿದ್ದರು.

ಇಲ್ಲಿಯೇ ಓದುಗರು ಹುಬ್ಬೇರಿಸಬೇಕು. ಶುಭಾಶಯ ಪತ್ರ ದಾಖಲೆಯಾದರೆ ಅದಕ್ಕೆ ಸರಕಿನ ಸಂಖ್ಯೆ ಏಕೆ? ಕಾರಣ ಇಷ್ಟೇ: ಒಬ್ಬರಿಗೆ ಬರೆದ ಕಾರ್ಡು ಪತ್ರ, ಬರೆಯದೆ ಕಟ್ಟು ಕಟ್ಟಿ ಕಳಿಸಿದ ಇಪ್ಪತ್ತು ಖಾಲಿ ಕಾರ್ಡು ಸರಕು. ರಾಖಿಯ ಜೊತೆ ಹೋಗುವ ಕಾರ್ಡನ್ನೂ ಸರಕಿನ ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣಿಸಬೇಕಾಗುತ್ತದೆ. ತರ್ಕ ಸರಿಯಾಗಿದೆ, ಆದರೆ ಇದನ್ನು ಯಾರೂ ಕೌಂಟರಿನಲ್ಲಿ ಬಿಡಿಸಿ ಹೇಳುವುದಿಲ್ಲ. 49090010 ಎಂಬ ಸಂಖ್ಯೆಯನ್ನು ಎಲ್ಲೋ ಓದಿಕೊಂಡು ಬಂದವರು ಬರಿ ಕಾರ್ಡಿಗೂ ಘೋಷಣಾ ಪತ್ರ ಅಂಟಿಸಿ, ಅದನ್ನು ತಾವೇ ಸರಕನ್ನಾಗಿ ಮಾಡಿ, ಹೆಚ್ಚಿನ ದರ ಕೊಟ್ಟು ಬರುತ್ತಾರೆ. ಕ್ಯಾಲೆಂಡರಿನ ವಿಷಯ ಇನ್ನೂ ತಮಾಷೆಯದು. ನಮ್ಮ ಊರಿನ ಅಂಗಡಿಗಳು ಹೊಸ ವರ್ಷಕ್ಕೆ ಹಂಚುವ, ಶರಣಬಸವೇಶ್ವರರ ಚಿತ್ರವಿರುವ ಕ್ಯಾಲೆಂಡರನ್ನು ಮಡಚಿ ಕಾರ್ಡಿನ ಜೊತೆ ಇಡುವ ರೂಢಿ ಹಲವರಿಗಿದೆ. ಕಸ್ಟಮ್ಸ್ ಪಟ್ಟಿಯಲ್ಲಿ ಕಾರ್ಡಿನದು 4909, ಅದರ ಪಕ್ಕದ 4910 ಕ್ಯಾಲೆಂಡರಿನದು. ಕೌಂಟರಿನಲ್ಲಿ ಅದು ಕಾಗದವೋ ಸರಕೋ ಎಂಬುದು ಆ ದಿನ ಅಲ್ಲಿ ಕುಳಿತವರ ಸ್ವಭಾವಕ್ಕೆ ಬಿಟ್ಟ ವಿಷಯವೆಂದು ನನ್ನ ಅನುಭವ.

ಇನ್ನು ಬನ್ನಿ ಎಲೆ. ಮೆಲ್ಬರ್ನಿನಲ್ಲಿರುವ ಮಗಳಿಗೆ ಒಂದೇ ಒಂದು ಒಣಗಿದ ಬನ್ನಿ ಎಲೆಯನ್ನು ಕಾರ್ಡಿನೊಳಗೆ ಅಂಟಿಸಿ ಕಳಿಸಬೇಕೆಂದು ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಕೇಳಿದಾಗ ನಾನು ಬೇಡವೆಂದೆ. ಅವರಿಗೆ ಅದು ಹಿಡಿಸಲಿಲ್ಲ. ಆಸ್ಟ್ರೇಲಿಯಾ ಜೈವಿಕ ಸುರಕ್ಷತೆಗಾಗಿ 2015ರಲ್ಲಿ ಮಾಡಿದ ಕಾಯಿದೆಯಡಿ ಹೊರಗಿನಿಂದ ಬರುವ ಗಿಡ, ಎಲೆ, ಬೀಜಗಳ ಮೇಲೆ ಬಿಗಿಯಾದ ಕಣ್ಣಿಟ್ಟಿದೆ, ನ್ಯೂಜಿಲೆಂಡಿನದೂ ಅದೇ ಕಟ್ಟುನಿಟ್ಟು. ಅಕ್ಷತೆಯದು ಇದಕ್ಕಿಂತ ವಿಚಿತ್ರ. ಅರಿಶಿಣ ಹಚ್ಚಿದರೂ ಅಕ್ಕಿ ಅಕ್ಕಿಯೇ. ಮತ್ತು ಅಕ್ಕಿಯ ಜೊತೆ ಖಪ್ರಾ ಎಂಬ ದುಂಬಿ ಬರಬಹುದೆಂಬ ಭಯದಿಂದ ಅಮೆರಿಕದ ಕಸ್ಟಮ್ಸ್ ಭಾರತವೂ ಸೇರಿದಂತೆ ಆ ದುಂಬಿ ಇರುವ ದೇಶಗಳಿಂದ ವೈಯಕ್ತಿಕ ಪ್ರಮಾಣದ ಅಕ್ಕಿಯನ್ನು ಒಳಗೆ ಬಿಡುವುದಿಲ್ಲ. ದಾಸ್ತಾನಿನ ಧಾನ್ಯವನ್ನು ಹಾಳುಮಾಡುವ ಈ ಕೀಟದ ಮರಿಹುಳ ಬಹಳ ಕಾಲ ಆಹಾರವಿಲ್ಲದೆ ಬದುಕಬಲ್ಲದು, ಅನೇಕ ಕೀಟನಾಶಕಗಳಿಗೆ ಬಗ್ಗುವುದಿಲ್ಲ. ತೊಗರಿಯ ನಾಡಿನ ನಮಗೆ ಕಾಳಿಗೆ ಹುಳು ಬೀಳುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆ ದೃಷ್ಟಿಯಿಂದ ನೋಡಿದರೆ ಈ ನಿಯಮ ದಬ್ಬಾಳಿಕೆಯಲ್ಲ. ಆದರೂ ಆಶೀರ್ವಾದದ ನಾಲ್ಕು ಕಾಳನ್ನು ಪಿಡುಗಿನ ಪಟ್ಟಿಗೆ ಸೇರಿಸಿ ಹೇಳುವಾಗ ನಾಲಗೆ ತಡವರಿಸುತ್ತದೆ.

ನಾಣ್ಯದ ಲಕೋಟೆಯ ಬಗ್ಗೆ ನನಗೆ ಅಂಥ ಸಂಕೋಚವಿಲ್ಲ. ವಿಶ್ವ ಅಂಚೆ ಒಕ್ಕೂಟದ ಒಪ್ಪಂದದ ಪ್ರಕಾರ ನಾಣ್ಯ, ನೋಟು, ಬೆಲೆಬಾಳುವ ಲೋಹ ಮೊದಲಾದವನ್ನು ವಿಮೆ ಇಲ್ಲದ ಸಾಮಾನ್ಯ ಪತ್ರದಲ್ಲಿ ಇಡುವಂತಿಲ್ಲ. ನೂರಾ ಒಂದು ರೂಪಾಯಿ ಮುಯ್ಯಿ ಮಾಡುವವರು ಅದನ್ನು ಮೊಬೈಲಿನಲ್ಲಿ ಇಲ್ಲಿಯ ಖಾತೆಗೆ ಹಾಕುವುದೇ ಲೇಸು. ಹಾಡು ನುಡಿಸುವ ಕಾರ್ಡುಗಳಲ್ಲಿ ಪುಟ್ಟ ಬ್ಯಾಟರಿ ಇರುತ್ತದೆ, ಅದು ಲಿಥಿಯಂ ಆದರೆ ವಿಮಾನದ ಅಪಾಯಕಾರಿ ಸರಕಿನ ನಿಯಮಗಳು ಎದುರಾಗುತ್ತವೆ. ಈದ್ ಕಾರ್ಡಿನ ಜೊತೆ ಸೆಂಟಿನ ಸಣ್ಣ ಶೀಶೆ ಇಡುವವರಿಗೂ ಅದೇ ಮಾತು, ಏಕೆಂದರೆ ಬೆಂಕಿ ಹತ್ತುವ ದ್ರವಕ್ಕೆ ಅಂಚೆಯಲ್ಲಿ ಜಾಗವಿಲ್ಲ. ಬೀದರಿನ ಗೆಳೆಯರೊಬ್ಬರು ಕ್ರಿಸ್‌ಮಸ್ ಕಾರ್ಡಿನೊಳಗೆ ಬಿದ್ರಿಯ ತೆಳುವಾದ ಪುಸ್ತಕಗುರುತನ್ನು ಇಟ್ಟು ಕಳಿಸುವವರು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿದ ಆ ವಸ್ತು ಎಷ್ಟು ಚಿಕ್ಕದಾದರೂ ಸರಕೇ ಎಂದು ಒಪ್ಪಿಕೊಂಡು, ಅದನ್ನು ಬೇರೆ ಪೊಟ್ಟಣವಾಗಿ, ಘೋಷಣೆಯೊಂದಿಗೆ ಕಳಿಸುತ್ತಾರೆ. ಕಾರ್ಡು ತಾನೊಂದೇ ಪತ್ರವಾಗಿ ಹೋಗುತ್ತದೆ. ಎರಡೂ ಒಂದೇ ದಿನ ತಲುಪುವುದಿಲ್ಲ. ಈ ಗೊಂದಲಕ್ಕೆ ನಾನು ಕಂಡ ಅತ್ಯಂತ ಶಿಸ್ತಿನ ಪರಿಹಾರ ಅದು.

ಒಳಗೆ ಏನೂ ಇಲ್ಲದ ಕಾರ್ಡಿಗೂ ತೊಡಕು ತಪ್ಪಿದ್ದಲ್ಲ, ಅಲ್ಲಿ ಬರುವುದು ತೂಕದ ಲೆಕ್ಕ. ಹೊರದೇಶದ ಪತ್ರದ ಮೊದಲ ಹಂತ 20 ಗ್ರಾಂ. ಕಾರ್ಡುಗಳಿಗೆ ಸಾಮಾನ್ಯವಾಗಿ ಬಳಸುವ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದದ ಒಂದು ಎ4 ಹಾಳೆಯನ್ನು ನಡುವೆ ಮಡಚಿದರೆ ಆಗುವ ಕಾರ್ಡು ತಾನೇ ಸುಮಾರು 18.7 ಗ್ರಾಂ ತೂಗುತ್ತದೆ. ಅದಕ್ಕೆ ಲಕೋಟೆ ಸೇರಿದರೆ ಮೊದಲ ಹಂತ ದಾಟಿತೆಂದೇ ಅರ್ಥ. ಅಂಗಡಿಯಲ್ಲಿ ದಪ್ಪ ಕಾರ್ಡೇ ಗೌರವದ್ದೆಂದು ಆರಿಸುವವರಿಗೆ ಈ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಅಳತೆಯ ಲೆಕ್ಕವೂ ಇದೆ. ಚಿಕ್ಕ ಪತ್ರವೆಂದರೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಉದ್ದ 245, ಅಗಲ 165, ದಪ್ಪ 5 ಮಿಲಿಮೀಟರ್ ಮೀರಬಾರದು. ಹಾಗೆಯೇ ಲಕೋಟೆ 140 ಮತ್ತು 90 ಮಿಲಿಮೀಟರಿಗಿಂತ ಚಿಕ್ಕದಾಗಲೂಬಾರದು. ಮಕ್ಕಳು ಕೈಯಾರೆ ಮಾಡುವ ಪುಟಾಣಿ ಲಕೋಟೆಗಳು ಇಲ್ಲಿ ಸಿಕ್ಕಿಬೀಳುತ್ತವೆ. ಚೌಕಾಕಾರದ ಲಕೋಟೆಗಳನ್ನು ವಿಂಗಡಿಸುವ ಯಂತ್ರಗಳು ಸರಿಯಾಗಿ ಹಿಡಿಯುವುದಿಲ್ಲವೆಂದು ಅಮೆರಿಕದ ಅಂಚೆ ತನ್ನ ದೇಶದೊಳಗೆ ಅವಕ್ಕೆ ಹೆಚ್ಚಿನ ದರ ಹಾಕುತ್ತದೆ. ಮುತ್ತು, ಮಿರುಗು, ರಿಬ್ಬನ್ ಅಂಟಿಸಿದ ಕಾರ್ಡು ಎಷ್ಟೇ ಚೆಂದವಿರಲಿ, ಯಂತ್ರದ ಹಲ್ಲಿಗೆ ಅದು ಕಲ್ಲಿನ ಚೂರಿದ್ದ ಹಾಗೆ.

ನಮ್ಮವರ ತಲೆಯಲ್ಲಿ ಇನ್ನೊಂದು ಹಳೆಯ ನಿಯಮವೂ ಬೇರೂರಿದೆ, ಅದು ಬುಕ್ ಪೋಸ್ಟಿನದು. ಲಗ್ನಪತ್ರಿಕೆಯ ಲಕೋಟೆಯ ಬಾಯಿ ಅಂಟಿಸದೆ ಒಳಕ್ಕೆ ಸಿಕ್ಕಿಸಿ, ಮೇಲೆ ಬುಕ್ ಪೋಸ್ಟ್ ಎಂದು ಬರೆದು ಕಡಿಮೆ ದರದಲ್ಲಿ ಕಳಿಸಿದ ತಲೆಮಾರು ಅದು. ಮುದ್ರಿತ ವಸ್ತುವಿಗೆ ಕಡಿಮೆ ದರ, ಕೈಬರಹಕ್ಕೆ ಹೆಚ್ಚಿನ ದರ ಎಂಬ ಈ ಭೇದ ಒಂದು ಕಾಲಕ್ಕೆ ಅಂತರರಾಷ್ಟ್ರೀಯ ಅಂಚೆಯಲ್ಲೂ ಇತ್ತು, ಮುದ್ರಿತ ಕಾರ್ಡಿನ ಮೇಲೆ ಹಾರೈಕೆಯ ಐದು ಪದಗಳನ್ನು ಮಾತ್ರ ಕೈಯಲ್ಲಿ ಬರೆಯಬಹುದೆಂಬ ರಿಯಾಯಿತಿಯೂ ಇತ್ತು. ಆರನೆಯ ಪದ ಬಿದ್ದರೆ ಅದು ಪತ್ರವಾಗುತ್ತಿತ್ತು. ಪದ ಎಣಿಸಿ ಪ್ರೀತಿ ತೋರಿಸಬೇಕಿದ್ದ ಆ ಕಾಲಕ್ಕೆ ಹೋಲಿಸಿದರೆ ಇಂದಿನ ನಿಯಮ ಉದಾರವೇ ಸರಿ: ಕಾಗದವಾಗಿ ಉಳಿಯುವ ತನಕ ಎಷ್ಟು ಬೇಕಾದರೂ ಬರೆಯಬಹುದು. ಆದರೆ ಹೊರದೇಶಕ್ಕೆ ಹೋಗುವ ಲಕೋಟೆಯ ಬಾಯಿ ತೆರೆದಿಟ್ಟು ಬುಕ್ ಪೋಸ್ಟ್ ಎಂದು ಬರೆಯುವ ಅಭ್ಯಾಸ ಮಾತ್ರ ಹಿರಿಯರ ಕೈ ಬಿಟ್ಟಿಲ್ಲ. ಒಳನಾಡಿನ ನಿಯಮಗಳೂ ಸುಮ್ಮನೆ ಕುಳಿತಿಲ್ಲ. 1898ರ ಅಂಚೆ ಕಾಯಿದೆಯ ಜಾಗಕ್ಕೆ 2023ರ ಕಾಯಿದೆ ಬಂದು 2024ರ ಜೂನ್ 18ರಿಂದ ಜಾರಿಯಾಯಿತು, 2025ರ ಸೆಪ್ಟೆಂಬರಿನಲ್ಲಿ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಂದಿಗೆ ಸೇರಿಹೋಯಿತು. ಹಾಗಾಗಿ 'ರಿಜಿಸ್ಟರ್ ಮಾಡ್ರಿ' ಎಂದು ಕೇಳುವವರಿಗೂ 'ಅದು ಈಗ ಇಲ್ರಿ' ಎಂದು ಹೇಳುವವರಿಗೂ ನಡುವೆ, ಯಾವುದು ಒಳನಾಡಿನ ಮಾತು, ಯಾವುದು ಹೊರನಾಡಿನದು ಎಂಬುದು ತಿಳಿಯದಂತಾಗಿದೆ.

ಹೊರನಾಡು ಎಂದರೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಈ ಭಾಗದವರಿಗೆ ಬಹಳ ಕಾಲ ಸರಳವಾದ ಪ್ರಶ್ನೆಯಾಗಿರಲಿಲ್ಲ. 1869ರಿಂದ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ಚೀಟಿಗಳಿದ್ದವು, ಅವು ಸಂಸ್ಥಾನದೊಳಗೆ ಮಾತ್ರ ಸಲ್ಲುತ್ತಿದ್ದವು. ಕಲಬುರಗಿಯಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ಸೊಲ್ಲಾಪುರಕ್ಕೆ ಪತ್ರ ಹಾಕಲು ಬ್ರಿಟಿಷ್ ಭಾರತದ ಚೀಟಿ ಬೇಕಾಗುತ್ತಿತ್ತು. ಅದಕ್ಕಿಂತ ಬಹುದೂರದ ಔರಂಗಾಬಾದಿಗೆ ನಿಜಾಮರ ಚೀಟಿ ಸಾಕಿತ್ತು. 1950ರಲ್ಲಿ ಸಂಸ್ಥಾನದ ಅಂಚೆ ಭಾರತದ ಅಂಚೆಯಲ್ಲಿ ಸೇರಿದ ಮೇಲೆಯೇ ಈ ಗಡಿ ಅಳಿಸಿದ್ದು. ಇಡೀ ಜಗತ್ತಿಗೆ ಇದೇ ಬಗೆಯ ತೊಡಕು ಇದ್ದಾಗ, ಪ್ರತಿ ದೇಶವೂ ಪ್ರತಿ ದೇಶದೊಂದಿಗೆ ಬೇರೆ ಒಪ್ಪಂದ, ಬೇರೆ ದರ ಮಾಡಿಕೊಳ್ಳಬೇಕಿದ್ದಾಗ, 1874ರ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಒಕ್ಕೂಟ ಕಟ್ಟಿದವು. ಭಾರತ 1876ರಲ್ಲಿ ಸೇರಿತು. ಸದಸ್ಯ ದೇಶಗಳೆಲ್ಲ ಪತ್ರದ ಪಾಲಿಗೆ ಒಂದೇ ಅಂಚೆ ಪ್ರದೇಶ ಎಂಬುದು ಆ ಒಪ್ಪಂದದ ಮೊದಲ ಮಾತು. ಇಲ್ಲಿಯ ಚೀಟಿ ಹಚ್ಚಿದ ಕಾರ್ಡನ್ನು ಕೆನಡಾದ ಅಂಚೆಯಣ್ಣ ತನ್ನ ದೇಶದ ಚೀಟಿ ಕೇಳದೆ ಮನೆಗೆ ಮುಟ್ಟಿಸುವುದು ಇಂದಿಗೂ ಆ ಮಾತಿನ ಬಲದಿಂದಲೇ. ಆದರೆ ಒಕ್ಕೂಟ ಒಂದು ಮಾಡಿದ್ದು ಅಂಚೆಯನ್ನು, ಕಸ್ಟಮ್ಸನ್ನಲ್ಲ. ಗಡಿಯಲ್ಲಿ ಯಾವುದನ್ನು ಒಳಗೆ ಬಿಡಬೇಕೆಂಬುದು ಆಯಾ ದೇಶದ ಹಕ್ಕು, ಅದು ಕಲಬುರಗಿಯ ಕೌಂಟರಿನಲ್ಲಿ ಕುಳಿತವರ ಕೈಯಲ್ಲೂ ಇಲ್ಲ, ಬರ್ನಿನವರ ಕೈಯಲ್ಲೂ ಇಲ್ಲ. ಗೊಂದಲ ಹುಟ್ಟುವುದು ಈ ಎರಡು ಅಧಿಕಾರಗಳ ಸಂದಿಯಲ್ಲಿ.

2025ರಲ್ಲಿ ಅದು ಬಯಲಿಗೇ ಬಂತು. 800 ಡಾಲರಿನ ಒಳಗಿನ ವಸ್ತುಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಜುಲೈ 30ರ ಆದೇಶದಿಂದ ಹಿಂತೆಗೆದುಕೊಂಡಿತು, ಆಗಸ್ಟ್ 29ರಿಂದ ಅದು ಜಾರಿಯಾಗುವುದಿತ್ತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದ ಕಾರಣ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಹೋಗುವ ಸರಕನ್ನು ನಿಲ್ಲಿಸಿತು. ಪತ್ರ, ದಾಖಲೆ ಮತ್ತು 100 ಡಾಲರಿನ ಒಳಗಿನ ಉಡುಗೊರೆಗಳಿಗೆ ಮಾತ್ರ ದಾರಿ ತೆರೆದಿತ್ತು. ತಿಂಗಳ ಕೊನೆಗೆ, ವಿಮಾನ ಸಂಸ್ಥೆಗಳು ಅಂಚೆಯ ಚೀಲ ಒಯ್ಯಲು ಆಗದು ಎಂದ ಮೇಲೆ, ಆ ದಾರಿಯೂ ಮುಚ್ಚಿತು. ಸುಂಕಕ್ಕೂ ಪತ್ರಕ್ಕೂ ಸಂಬಂಧವೇ ಇರಲಿಲ್ಲ, ಆದರೆ ಚೀಲ ಹೋಗದಿದ್ದರೆ ಪತ್ರ ಹೋಗುವುದು ಹೇಗೆ? ಅಕ್ಟೋಬರ್ 2ರ ವಿಜಯದಶಮಿಗೆ ಅಮೆರಿಕದವರಿಗೆ ಬರೆದ ಕಾರ್ಡುಗಳು ಹೀಗೆ ಮೇಜಿನ ಮೇಲೆಯೇ ಉಳಿದವು. ಸೇವೆ ಮತ್ತೆ ಆರಂಭವಾದದ್ದು ಅಕ್ಟೋಬರ್ 15ಕ್ಕೆ, ದೀಪಾವಳಿಗೆ ಕೆಲವೇ ದಿನ ಇರುವಾಗ. ಇದನ್ನು ಕೌಂಟರಿನವರು 'ಅಮೆರಿಕ ಬಂದ್ ಅದರಿ' ಎಂಬ ಮೂರು ಪದಗಳಲ್ಲಿ ಹೇಳಿ ಮುಗಿಸುತ್ತಿದ್ದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಉಳಿತಾಯ ಖಾತೆ, ಆಧಾರ್, ವಿಮೆ, ಪಾರ್ಸೆಲ್ ಎಲ್ಲವನ್ನೂ ನೋಡುವ ಒಬ್ಬರಿಗೆ ಅಪರೂಪಕ್ಕೆ ಬರುವ ಒಂದು ವಿದೇಶಿ ಲಕೋಟೆಯ ನಿಯಮ ನಾಲಗೆಯ ತುದಿಯಲ್ಲಿ ಇರಬೇಕೆಂದು ಬಯಸುವುದು ನ್ಯಾಯವಲ್ಲ. ಆದರೆ ಹಬ್ಬದ ತಿಂಗಳುಗಳಲ್ಲಾದರೂ, ಕಾರ್ಡಿನೊಳಗೆ ಯಾವುದು ಇದ್ದರೆ ಪತ್ರ, ಯಾವುದು ಇದ್ದರೆ ಸರಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಹಚ್ಚುವುದಕ್ಕೆ ಯಾವ ಒಕ್ಕೂಟದ ಅಪ್ಪಣೆಯೂ ಬೇಕಾಗಿಲ್ಲ.

ವಿಳಾಸದ ಬಗ್ಗೆ ಎರಡು ಮಾತು ಸಾಕು. ಕಾರ್ಡಿನೊಳಗೆ ಕನ್ನಡ ಎಷ್ಟು ಬೇಕಾದರೂ ಇರಲಿ, ಹೊರಗಿನ ವಿಳಾಸ ಮಾತ್ರ ರೋಮನ್ ಅಕ್ಷರದಲ್ಲಿರಬೇಕು, ದೇಶದ ಹೆಸರು ಕೊನೆಯ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಬರಬೇಕು. ದುಬೈ, ಶಾರ್ಜಾ ಕಡೆ ಇರುವವರಿಗೆ ಬರೆಯುವಾಗ ಕಟ್ಟಡದ ಹೆಸರು, ಮಹಡಿ, ಎದುರಿನ ಮಸೀದಿ ಎಲ್ಲವನ್ನೂ ಬರೆದರೂ ಸಾಲದು. ಯುಎಇಯಲ್ಲಿ ಪತ್ರಗಳು ಮುಟ್ಟುವುದು ಮನೆಗಲ್ಲ, ಪೋಸ್ಟ್ ಬಾಕ್ಸಿಗೆ, ಅದೂ ಬಹುಮಟ್ಟಿಗೆ ಕೆಲಸ ಕೊಟ್ಟ ಕಂಪನಿಯ ಬಾಕ್ಸಿಗೆ. ಆ ಸಂಖ್ಯೆಯನ್ನು ಮೊದಲೇ ಕೇಳಿ ಬರೆದುಕೊಳ್ಳದಿದ್ದರೆ ಮಿಕ್ಕ ನಿಯಮಗಳನ್ನೆಲ್ಲ ಪಾಲಿಸಿಯೂ ಕಾರ್ಡು ಮುಟ್ಟುವುದಿಲ್ಲ.

ಈ ಮಾಗಿಯ ಬಳಿಕ ನಮ್ಮ ಮನೆಯಲ್ಲಿ ಒಂದು ಮದುವೆ ಇದೆ. ಲಗ್ನಪತ್ರಿಕೆಯ ಮಾದರಿ ಬಂದಿದೆ: ದಪ್ಪ ರಟ್ಟು, ಮೇಲೆ ಲೋಹದ ಗಣಪತಿ, ಒಳಗೆ ಮೂರು ಹಾಳೆ, ಕಟ್ಟಲು ಜರಿಯ ದಾರ. ಹೊರದೇಶದವರಿಗೆ ಮಾತ್ರ ಬೇರೆಯಾಗಿ, ಒಂದೇ ಹಾಳೆಯ, ಏನನ್ನೂ ಅಂಟಿಸದ ಪ್ರತಿಗಳನ್ನು ತೆಳುವಾದ ಕಾಗದದಲ್ಲಿ ಹಾಕಿಸೋಣವೆಂದು ನಾನು ಹೇಳಿದ್ದೇನೆ, ಮುದ್ರಕರೂ ಒಪ್ಪಿದ್ದಾರೆ. ಒಪ್ಪದವರು ಕಾಕು. 'ಊರಾಗಿನವ್ರಿಗಿ ದಪ್ಪಂದು, ದೂರದವ್ರಿಗಿ ತೆಳ್ಳಂದಾ? ಅವ್ರೇನು ನಮಗ ಬೇಕಾದವ್ರಲ್ಲೇನು?' ಎಂಬುದು ಅವರ ವಾದ. 20 ಗ್ರಾಮಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದೇನೆ. ಅವರು ಇನ್ನೂ ಕೊನೆಯ ಮಾತು ಹೇಳಿಲ್ಲ, ಮುದ್ರಕರು ಬರುವ ವಾರದೊಳಗೆ ಎಣಿಕೆ ಕೊಡಿರೆಂದಿದ್ದಾರೆ.